ಆಯ್ತಪ್ಪ ಎರಡು ಎಕ್ಕ ಎಸೆದದ್ದು

ಆಯ್ತಪ್ಪನವರ ಮನೆಯ ನಡುಕೋಣೆಗೆ ಮೊದಲ ಸಲ ಬಂದವರು ಕೇಳುವ ಪ್ರಶ್ನೆ ಒಂದೇ: "ನೀವು ಡ್ರಮ್ ಬಾರಿಸ್ತೀರಾ?" ಆಯ್ತಪ್ಪನವರು ಬಾರಿಸುವುದಿಲ್ಲ. ಮೇಲಿನ ಮನೆಯ ಡ್ರಮ್ ಮೇಷ್ಟ್ರು ಗೋಡೆಗೆ ಬಣ್ಣ ಹೊಡೆಸುವಾಗ "ಎರಡು ದಿನ ನಿಮ್ಮಲ್ಲಿ ಇಟ್ಟಿರ್ತೀನಿ" ಅಂದಿದ್ದರು. ಆ ಬಣ್ಣ ಮಾಸಿ, ಅದರ ಮೇಲೆ ಇನ್ನೊಂದು ಬಣ್ಣ ಬಂದು, ಅದೂ ಮಾಸುತ್ತಿದೆ. ಡ್ರಮ್ಮುಗಳು ಮಾತ್ರ ಇಲ್ಲೇ ಇವೆ. ಕಿಟಕಿಯ ಬಳಿಯ ಗಿಳಿ ಎದುರುಮನೆಯವರದು. ಬಾಗಿಲ ಹಿಂದಿನ ಏಣಿ ಯಾರದೆಂಬುದು ಏಣಿಗೇ ಮರೆತುಹೋಗಿರಬೇಕು. ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಸೋಫಾ ಮತ್ತು ಎರಡು ಕುರ್ಚಿ ಇವೆ. ಹೆಂಡತಿಯನ್ನೂ ಈ ಸಾಮಾನಿನ ಸಾಲಿಗೆ ಸೇರಿಸಿದರೆ ಆಕೆ ಸುಮ್ಮನಿರುವವಳಲ್ಲ.

ಆಯ್ತಪ್ಪ ಎಂಬುದು ಅವರ ನಿಜವಾದ ಹೆಸರಲ್ಲ. ಯಾರು ಏನು ಕೇಳಿದರೂ "ಆಯ್ತಪ್ಪಾ" ಎಂದುಬಿಡುವ ಅಭ್ಯಾಸದಿಂದ ಬಂದ ಹೆಸರು ಅದು, ಬಂದ ಮೇಲೆ ಹೋಗಲಿಲ್ಲ. ಹಾಗೆ ಕರೆಯಲು ಶುರುಮಾಡಿದವರು ಮೊದಲು ಮರ್ಯಾದೆಯಿಂದ "ಹೀಗೆ ಕರೀಬಹುದಾ?" ಎಂದು ಕೇಳಿದ್ದರಂತೆ. ಏನು ಉತ್ತರ ಬಂದಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮನುಷ್ಯನನ್ನು ವಿಧಿ ತಂದು ಕೂರಿಸಿದ್ದು ಬಸ್ ಡಿಪೋದ ಹಿಂದಿರುವ ಕಳೆದ ಸಾಮಾನಿನ ಕಚೇರಿಯಲ್ಲಿ. ಬಸ್ಸುಗಳಲ್ಲಿ ಜನ ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬರುತ್ತದೆ: ಛತ್ರಿ, ಕನ್ನಡಕ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು ಕೂಡ. ಕಳೆದುಕೊಂಡವರು ಬಂದು ಕೇಳಿದಾಗ ವಸ್ತು ಇದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಕೆಲಸ ಅಷ್ಟೇ. ಅದರ ಎರಡನೆಯ ಭಾಗ ಆಯ್ತಪ್ಪನವರ ಕೈಯಲ್ಲಿ ಆಗುತ್ತಿರಲಿಲ್ಲ. ಕಪ್ಪು ಛತ್ರಿ ಕೇಳಿಕೊಂಡು ಬಂದ ಮುದುಕರಿಗೆ ಅವರದು ಸಿಗದಿದ್ದರೆ ತಮ್ಮದನ್ನೇ ಕೊಟ್ಟು, ತಾವು ತಲೆಯ ಮೇಲೆ ಪೇಪರ್ ಹಿಡಿದುಕೊಂಡು ಮನೆಗೆ ಬಂದದ್ದು ಒಂದೆರಡು ಸಲವಲ್ಲ.

ಆ ಕಚೇರಿಯಲ್ಲಿ ಇದ್ದದ್ದು ಇಬ್ಬರೇ, ಇವರು ಮತ್ತು ಮ್ಯಾನೇಜರ್ ಸಾಹೇಬರು. ಬೀಗದ ಕೈಗೊಂಚಲು ಇಬ್ಬರಲ್ಲಿ ಒಬ್ಬರ ಬಳಿ ಇರಲೇಬೇಕು, ಹಾಗಾಗಿ ಇಬ್ಬರೂ ಒಟ್ಟಿಗೆ ರಜೆ ಹಾಕುವಂತಿಲ್ಲ. ಪ್ರತಿ ವರ್ಷ ರಜೆಯ ಕಾಲ ಬಂದಾಗ ಮ್ಯಾನೇಜರ್ ಕೈಗೊಂಚಲನ್ನು ಮೇಜಿನ ಮೇಲೆ ಜಾರಿಸಿ, "ಆಯ್ತಪ್ಪ, ಈ ಸಲ ನಾನು ಹೋಗಿಬರ್ತೀನಿ, ನೀವು ಮುಂದಿನ ಸಲ ಹೋಗಿ. ಏನಂತೀರಾ?" ಎನ್ನುತ್ತಿದ್ದರು. ಏನೆನ್ನುತ್ತಾರೆ? ಅದೇ.

ಇದರಿಂದ ನಿಜವಾಗಿ ನೊಂದವಳು ಹೆಂಡತಿ. ಅವಳ ಅಕ್ಕ ದೂರದ ದ್ವೀಪವೊಂದರಲ್ಲಿ ದೋಣಿಗಳ ಹಾಯಿಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ಮೊಣಕಾಲು ಕೆಟ್ಟಮೇಲೆ ಹಡಗು ಹತ್ತಿ ಇತ್ತ ಬರುವ ಶಕ್ತಿ ಅವಳಿಗಿರಲಿಲ್ಲ, ಇವರೇ ಹೋಗಬೇಕಿತ್ತು. ವರ್ಷವರ್ಷವೂ ಅಕ್ಕ ಒಂದು ಕೋಣೆ ಗುಡಿಸಿ ಕಾದಿರುತ್ತಿದ್ದಳು, ವರ್ಷವರ್ಷವೂ ತಂಗಿ ಫೋನಿನಲ್ಲಿ "ಮುಂದಿನ ಸಲ ಅಕ್ಕಾ" ಎನ್ನುತ್ತಿದ್ದಳು.

"ಬಿಡು," ಎಂದಿದ್ದಳು ಅಕ್ಕ ಈಚೆಗೆ. "ಆ ಕೋಣೇಲಿ ಈಗ ಕೋಳಿ ಮಲಗಿಸ್ತೀನಿ. ಅವಾದ್ರೂ ಕರೆದ್ರೆ ಬರ್ತವೆ."

ತಮಾಷೆಗೆ ಅಂದ ಮಾತೇ. ಆದರೆ ಫೋನ್ ಇಟ್ಟಮೇಲೆ ಹೆಂಡತಿ ಗಿಳಿಯ ಪಂಜರದ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಯ್ತಪ್ಪನವರು ಅದನ್ನು ಬಾಗಿಲಿನಿಂದಲೇ ನೋಡಿದರು.

ವಿಚಿತ್ರವೆಂದರೆ, ಆಕೆ ಊರಿನ ದೊಡ್ಡಾಸ್ಪತ್ರೆಯ ಹಿರಿಯ ನರ್ಸ್. ಭೇಟಿಯ ಸಮಯ ಮುಗಿದ ಮೇಲೆ ವಾರ್ಡಿನ ಬಾಗಿಲಲ್ಲಿ ನಿಂತು ಅವಳು ಹೇಳುವ "ಇಲ್ಲ" ಎಂಬ ಎರಡಕ್ಷರಕ್ಕೆ ದೊಡ್ಡ ದೊಡ್ಡ ಅಧಿಕಾರಿಗಳೇ ಹೂವಿನ ಗುಚ್ಛ ಹಿಡಿದುಕೊಂಡು ಮೆಟ್ಟಿಲಿಳಿದಿದ್ದರು. ದಾಂಪತ್ಯದ "ಇಲ್ಲ"ಗಳನ್ನೆಲ್ಲ ದೇವರು ಒಬ್ಬರಿಗೇ ಕೊಟ್ಟು, "ಆಯ್ತು"ಗಳನ್ನೆಲ್ಲ ಇನ್ನೊಬ್ಬರಿಗೆ ಕೊಟ್ಟಿದ್ದ.

ಪೋಕರ್ ಆಟ ಈ ಕಥೆಯೊಳಗೆ ಬಂದದ್ದು ಮ್ಯಾನೇಜರ್ ಕಡೆಯಿಂದ. ಅವರಿಗೆ ಆ ಇಸ್ಪೀಟಿನ ಆಟದ ಹುಚ್ಚು. ಊಟದ ಬಿಡುವಿನಲ್ಲಿ ಯಾರೂ ಕೇಳದೆ ಉಳಿದ ಕೋಟಿನ ಗುಂಡಿಗಳನ್ನೇ ಪಣದ ಬಿಲ್ಲೆ ಮಾಡಿಕೊಂಡು, ಆಯ್ತಪ್ಪನವರನ್ನು ಎದುರಿಗೆ ಕೂರಿಸಿಕೊಂಡು ಆಡುತ್ತಿದ್ದರು. ಆಟ ಕಷ್ಟದ್ದೇನಲ್ಲ. ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ, ಎಲ್ಲರಿಗೂ ಸೇರಿ ಐದು ಎಲೆ ಮೇಜಿನ ಮೇಲೆ. ಎರಡನ್ನೂ ಸೇರಿಸಿ ನೋಡಿದಾಗ ಯಾರ ಎಲೆಗಳು ಹೆಚ್ಚು ಚೆನ್ನಾಗಿ ಹೊಂದುತ್ತವೋ ಅವರು ಗೆದ್ದಂತೆ. ಒಬ್ಬ ಬಿಲ್ಲೆ ಮುಂದೆ ತಳ್ಳಿದರೆ ಉಳಿದವರು ಅಷ್ಟೇ ಹಾಕಿ ಎದುರಾಗಬೇಕು, ಇಲ್ಲವೇ ಎಲೆ ಬಿಟ್ಟು ಸುಮ್ಮನಾಗಬೇಕು. ಇರುವುದನ್ನೆಲ್ಲ ಒಟ್ಟಿಗೇ ತಳ್ಳಿದರೆ ಅದಕ್ಕೆ ಆಲ್ ಇನ್ ಎನ್ನುತ್ತಾರೆ. ಮ್ಯಾನೇಜರ್ ಆಲ್ ಇನ್ ಎಂದಾಗಲೆಲ್ಲ ಆಯ್ತಪ್ಪನವರು "ಆಯ್ತು ಸಾರ್" ಎಂದು ಗುಂಡಿಗಳನ್ನು ತಳ್ಳುತ್ತಿದ್ದರು. ಕೈಯಲ್ಲಿ ಎಂಥ ಎಲೆ ಇದೆ ಎಂದು ನೋಡುವುದೂ ಅವರಿಗೆ ಒಂದು ಅವಿಶ್ವಾಸದ ಹಾಗೆ ಕಾಣುತ್ತಿತ್ತು.

ಆ ವರ್ಷ ಒಂದು ಹಡಗು ಕಂಪನಿಯವರು ನೌಕರರ ಸಂಘದ ಸಭಾಂಗಣದಲ್ಲಿ ಪೋಕರ್ ಪಂದ್ಯ ಏರ್ಪಡಿಸಿದರು. ಅದು ದೊಡ್ಡ ಪಂದ್ಯಕ್ಕೆ ಸೀಟು ಗೆಲ್ಲಿಸಿಕೊಡುವ ಸಣ್ಣ ಪಂದ್ಯ. ಪೋಕರ್ ಬಳಗದವರು ಅದಕ್ಕೆ ಸ್ಯಾಟಲೈಟ್ ಎನ್ನುತ್ತಾರೆ. ಕೊನೆಗೆ ಉಳಿಯುವ ನಾಲ್ವರಿಗೂ, ಹೆಚ್ಚುಕಡಿಮೆಯಿಲ್ಲದೆ, ಒಂದೇ ಬಗೆಯ ಬಹುಮಾನ: ದೊಡ್ಡ ಪಂದ್ಯದಲ್ಲಿ ಒಂದು ಸೀಟು, ಇಬ್ಬರಿಗೆ ಹಡಗಿನ ಟಿಕೆಟ್ಟು, ಒಂದು ವಾರ ಹೋಟೆಲು. ಮ್ಯಾನೇಜರ್ ತಮ್ಮ ಹೆಸರು ಕೊಟ್ಟರು. ಮೇಜು ತುಂಬಲು ಜನ ಬೇಕೆಂದಾಗ ಆಯ್ತಪ್ಪನವರ ಹೆಸರನ್ನೂ ಕೊಟ್ಟರು, ಯಾಕೆಂದರೆ ಬೇಡವೆನ್ನದ ಮನುಷ್ಯ ಬೇರೆ ಯಾರಿದ್ದಾರೆ?

ದೊಡ್ಡ ಪಂದ್ಯ ನಡೆಯುವುದು ಅಕ್ಕನ ದ್ವೀಪದಲ್ಲಿ ಎಂದು ತಿಳಿದಾಗ ಹೆಂಡತಿ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟಳು. ಆಯ್ತಪ್ಪನವರ ಒಂದು ಅಂಗಿ ಅಲ್ಲಿಗೆ ತೀರಿಕೊಂಡಿತು.

"ರೀ, ಆ ಟಿಕೆಟ್ಟು ಬೇರೆಯವರಿಗೆ ಕೊಡಬಹುದಂತಾ?"

"ಇಲ್ವಂತೆ. ಹೆಸರೂ ಬದಲಾಯಿಸೋ ಹಾಗಿಲ್ಲ, ದಿನಾನೂ ಬದಲಾಯಿಸೋ ಹಾಗಿಲ್ಲ."

"ಅಂದ್ರೆ ನೀವು ಬಿಟ್ಟುಕೊಡೋಣ ಅಂದ್ರೂ ಬಿಟ್ಟುಕೊಡೋಕಾಗಲ್ಲ!" ಎಂದಳು ಆಕೆ. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ವಸ್ತು ಅವರ ಮನೆಗೆ ಬರುವ ಸಾಧ್ಯತೆ ಕಂಡದ್ದು ಅದೇ ಮೊದಲು.

ಪಂದ್ಯದ ಭಾನುವಾರ ಬೆಳಿಗ್ಗೆ ಹೊರಗೆ ತುಂತುರು ಮಳೆ. ಸಭಾಂಗಣದ ಬಾಗಿಲಲ್ಲಿ ಛತ್ರಿಗಳ ರಾಶಿ. ಒಳಗೆ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ನೋಡುವವರಿಗೆಂದು ಒಂದು ಹಗ್ಗ, ಹಗ್ಗದ ಆಚೆ ಹೆಂಡತಿ. ಅವಳ ಪಕ್ಕದಲ್ಲಿ ಹುರಿದುಂಬಿಸಲು ಬಂದ ಡ್ರಮ್ ಮೇಷ್ಟ್ರು. ಪುಣ್ಯಕ್ಕೆ ಡ್ರಮ್ಮು ತಂದಿರಲಿಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಬಿಲ್ಲೆ ಕರಗಿ ಬಡವಾದ ಒಬ್ಬ ಆಟಗಾರ ನಿಟ್ಟುಸಿರು ಬಿಟ್ಟು ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿ "ಆಲ್ ಇನ್" ಎಂದ. ಎಲ್ಲರೂ ಎಲೆ ಬಿಟ್ಟರು. ಆಯ್ತಪ್ಪನವರ ಮನಸ್ಸು ಕಲಕಿಹೋಯಿತು. ಪಾಪ, ಮನುಷ್ಯ ಇರುವುದನ್ನೆಲ್ಲ ತಂದು ಮುಂದಿಟ್ಟಿದ್ದಾನೆ. ಯಾರೂ ಹೂಂ ಅನ್ನದೆ ಮುಖ ತಿರುಗಿಸಿಕೊಂಡರೆ ಅವನಿಗೆ ಹೇಗಾಗಬೇಡ? "ಆಯ್ತು, ನಾನು ಬರ್ತೀನಿ" ಎಂದು ಬಿಲ್ಲೆ ಹಾಕಿದರು. ಕೈಯಲ್ಲಿದ್ದದ್ದು ಏಳು ಮತ್ತು ಎರಡು. ಅದಕ್ಕಿಂತ ಕೆಟ್ಟ ಜೋಡಿ ಆ ಕಟ್ಟಿನಲ್ಲಿ ಹುಡುಕಿದರೂ ಸಿಗದು. ಆದರೆ ಮೇಜಿನ ಮೇಲೆ ಏಳು ಬಂತು, ಅದರ ಹಿಂದೆಯೇ ಇನ್ನೊಂದು ಏಳು ಬಂತು. ಆ ಮನುಷ್ಯ ಮನೆಗೆ ಹೋಗಬೇಕಾಯಿತು.

ಆಯ್ತಪ್ಪನವರು ಗಾಬರಿಯಿಂದ ಎದ್ದು ನಿಂತರು. "ಅಯ್ಯೋ, ಕ್ಷಮಿಸಿ. ನೀರು ಕುಡೀತೀರಾ?" ಅವನು ಬೇಡವೆಂದು ಹೊರಟಾಗ ಕಚೇರಿಯ ಅಭ್ಯಾಸ ನಾಲಿಗೆಗೆ ಬಂತು: "ನಿಮ್ಮ ಛತ್ರಿ ಮರೀಬೇಡಿ!"

ಮೇಜಿನ ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೆಯವನು ಸೋತ, ಮೂರನೆಯವಳು ಸೋತಳು. ಪ್ರತಿಯೊಬ್ಬರಿಗೂ ಕ್ಷಮೆ, ನೀರು, ಛತ್ರಿಯ ನೆನಪು. ಆ ದಿನ ಆಯ್ತಪ್ಪನವರ ಕೈಯಲ್ಲಿ ಕಸ ಬಂದರೂ ಮೇಜಿನ ಮೇಲೆ ಅದಕ್ಕೆ ಹೊಂದುವ ಕಸವೇ ಬರುತ್ತಿತ್ತು. ಅವರ ಮುಂದೆ ಬಿಲ್ಲೆಯ ಗುಡ್ಡವೇ ಎದ್ದಿತು. ಸಭಾಂಗಣದಲ್ಲಿ ಸುದ್ದಿ ಹಬ್ಬಿತು.

"ನಗ್ತಾ ನಗ್ತಾ ಕತ್ತು ಕುಯ್ತಾನೆ ಕಣ್ರೀ. ಆಮೇಲೆ ಛತ್ರಿ ತಗೊಂಡು ಹೋಗು ಅಂತಾನೆ!"

"ಮೊದಲು ನೀರು ಕುಡಿಸ್ತಾನಂತೆ. ಎಂಥಾ ಗಟ್ಟಿ ಎದೆ!"

ಹಗ್ಗದಾಚೆ ಡ್ರಮ್ ಮೇಷ್ಟ್ರು ಎದೆಯುಬ್ಬಿಸಿ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಕೆಳಗಿನ ಮನೆಯವರು. ಬಹಳ ಡೇಂಜರ್ ಮನುಷ್ಯ. ನಾನು ನನ್ನ ಡ್ರಮ್ ವಾಪಸ್ ಕೇಳೋಕೂ ಹೆದರ್ತೀನಿ."

ಹೆಂಡತಿ ಅವರನ್ನು ಒಂದು ಸಲ ನೋಡಿದಳು. ಮೇಷ್ಟ್ರು ಚಾವಣಿಯ ಫ್ಯಾನು ನೋಡತೊಡಗಿದರು.

ಅದೃಷ್ಟಕ್ಕೂ ಊಟದ ಸಮಯ ಇರುತ್ತದೆ. ಮಧ್ಯಾಹ್ನವಾಗುತ್ತಿದ್ದಂತೆ ಅದು ಎದ್ದುಹೋಯಿತು. ಆಲ್ ಇನ್ ಎಂದ ಬಡಪಾಯಿಗಳೆಲ್ಲ ಈಗ ಗೆಲ್ಲತೊಡಗಿದರು. ಹಲ್ಲಿನ ಡಾಕ್ಟರೊಬ್ಬರು ತಳ್ಳಿದರು, ಆಯ್ತಪ್ಪನವರು ಹೂಂ ಎಂದರು, ಡಾಕ್ಟರ ಬಿಲ್ಲೆ ಎರಡು ಪಟ್ಟಾಯಿತು. ಬೇಕರಿಯ ಯಜಮಾನಿ ತಳ್ಳಿದಳು, ಆಕೆಯದೂ ಎರಡು ಪಟ್ಟಾಯಿತು. ಅಗ್ನಿಶಾಮಕ ವಾಹನದ ಡ್ರೈವರ್ ತಳ್ಳಿದ, ಬೆಂಕಿ ಆರಿಸಬೇಕಾದವನೇ ಇವರ ಗುಡ್ಡಕ್ಕೆ ಬೆಂಕಿಯಿಟ್ಟ. ಗುಟ್ಟು ರಟ್ಟಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಕೈ ಖಾಲಿಯಾಯ್ತಾ? ಆಯ್ತಪ್ಪನೋರ ಕಡೆ ತಳ್ಳಿ, ಇಲ್ಲ ಅನ್ನಲ್ಲ" ಎಂದು ಒಬ್ಬರಿಗೊಬ್ಬರು ದಾರಿ ಹೇಳಿಕೊಡುವಂತಾಯಿತು. ಬಿಲ್ಲೆ ಪಡೆದವರು ಇವರ ಕೈ ಕುಲುಕುತ್ತಿದ್ದರು. ಆಯ್ತಪ್ಪನವರಿಗೆ ಒಳಗೊಳಗೇ ಸಂತೋಷ. ಛತ್ರಿ ಸಿಕ್ಕವರ ಮುಖದ ಹಾಗೇ ಇತ್ತು ಆ ಮುಖಗಳು.

ಟೀ ಬಿಡುವಿನ ಗಂಟೆ ಹೊಡೆದಾಗ ಗುಡ್ಡ ದಿಬ್ಬವಾಗಿತ್ತು. ಹೆಂಡತಿ ಅವರ ತೋಳು ಹಿಡಿದು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದಳು.

"ಏನ್ರೀ ಮಾಡ್ತಿದ್ದೀರಾ ಅಲ್ಲಿ? ಗಂಜಿ ಕೇಂದ್ರ ನಡೆಸ್ತಿದ್ದೀರಾ?"

"ಅಲ್ಲ ಕಣೇ, ಅವರು ಇರೋದನ್ನೆಲ್ಲ ಇಟ್ಟು ಕೇಳ್ತಾರೆ..."

"ಕೇಳಲಿ. ನಾಲ್ಕು ಸೀಟು ಇರೋ ಬಸ್ಸು ಅಂದ್ಕೊಳ್ಳಿ. ಕಿಟಕಿ ಪಕ್ಕ ಕೂತವನೂ ಅದೇ ಊರು ಸೇರ್ತಾನೆ, ಬಾಗಿಲ ಪಕ್ಕ ಕೂತವನೂ ಅದೇ ಊರು ಸೇರ್ತಾನೆ. ಮೊದಲನೇ ಸೀಟಿಗೆ ಏನಾದ್ರೂ ಹೆಚ್ಚು ಕೊಡ್ತಾರಾ?"

"ಇಲ್ಲ."

"ನೋಡಿ, ಬಂತಲ್ಲ ಬಾಯಲ್ಲಿ!" ಎಂದಳು ಹೆಂಡತಿ. "ನಿಮಗೆ ಸೀಟು ಹೆಚ್ಚುಕಡಿಮೆ ಸಿಕ್ಕಾಗಿದೆ. ಎದ್ದು ನಿಂತು ಎಲ್ಲರಿಗೂ ಜಾಗ ಕೊಡ್ತಾ ಹೋದ್ರೆ ಬಸ್ಸು ನಮ್ಮನ್ನ ಬಿಟ್ಟು ಹೋಗುತ್ತೆ. ಇನ್ನು ಯಾರು ತಳ್ಳಿದ್ರೂ ನೀವು ಎಲೆ ಬಿಡಬೇಕು. ಎಂಥಾ ಎಲೆ ಬಂದ್ರೂ ಸರಿ, ಎರಡು ಎಕ್ಕ ಬಂದ್ರೂ ಸರಿ."

"ಎದುರಿಗೆ ಕೂತಿರೋರಿಗೆ ಮುಖ ನೋಡಿ ಇಲ್ಲ ಅನ್ನೋಕೆ ನನ್ನ ಬಾಯಿ..."

"ಬಾಯಿ ನಂಬಬೇಡಿ. ಬೆರಳು ನಂಬಿ." ಅವಳು ಟೀ ತಟ್ಟೆಯಲ್ಲಿದ್ದ ಎರಡು ಬಿಸ್ಕತ್ತುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಅವರ ಮುಂದೆ ಜೋಡಿಸಿಟ್ಟಳು. "ಇವು ನಿಮ್ಮ ಎಲೆ. ನಾನು ಹಲ್ಲಿನ ಡಾಕ್ಟರು. ಆಯ್ತಪ್ಪನೋರೇ, ಆಲ್ ಇನ್! ದಯವಿಟ್ಟು ಬನ್ನಿ!"

"ಆಯ್..." ಎಂದರು ಆಯ್ತಪ್ಪ.

"ಬೆರಳು!"

ಆಯ್ತಪ್ಪನವರು ಬಲಗೈಯ ಎರಡು ಬೆರಳು ಚಾಚಿ, ಕಣ್ಣು ಮುಚ್ಚಿ, ಬಿಸ್ಕತ್ತುಗಳನ್ನು ಆಚೆ ತಳ್ಳಿದರು. ಮಾತಿಲ್ಲದೆ ಕೆಲಸ ಆಗಿಹೋಯಿತು. ಆಕಾಶ ಕಳಚಿ ಬೀಳಲಿಲ್ಲ. ಇನ್ನೊಮ್ಮೆ ತಳ್ಳಿದರು. ಪಕ್ಕದಲ್ಲಿ ಕೋಟು ತೆಗೆದುಕೊಳ್ಳಲು ಬಂದವನೊಬ್ಬ, ಈ ಗಂಡಹೆಂಡತಿಗೆ ಬಿಸ್ಕತ್ತಿನ ಮೇಲೆ ಏನು ಜಗಳವೋ ಎಂದು ನೋಡುತ್ತಾ ನಿಂತ.

ಬಿಡುವಿನ ನಂತರ ಕೂತ ಆಯ್ತಪ್ಪನವರು ಬೇರೆಯೇ ಮನುಷ್ಯ. ಯಾರು ತಳ್ಳಲಿ, ಎರಡು ಬೆರಳು ಮುಂದೆ ಹೋಗುತ್ತಿದ್ದವು, ಎಲೆ ಜಾರುತ್ತಿತ್ತು. ಕಣ್ಣು ಮಾತ್ರ ಮುಚ್ಚಿರುತ್ತಿತ್ತು. "ನೋಡಿ, ಧ್ಯಾನ ಮಾಡ್ತಾನೆ!" ಎಂದು ಜನ ಇನ್ನೂ ಹೆದರಿದರು. ಅವರ ಕಡೆ ತಳ್ಳಿ ಬದುಕುವ ದಾರಿ ಮುಚ್ಚಿಹೋದ ಬಡಪಾಯಿಗಳು ಒಬ್ಬರನ್ನೊಬ್ಬರು ತಿಂದುಕೊಂಡು ಕಡಿಮೆಯಾಗುತ್ತಾ ಬಂದರು. ಕೊನೆಗೆ ಒಂದೇ ಮೇಜು, ಐವರು. ಸೀಟು ನಾಲ್ಕು.

ಆಗಿನ ಸ್ಥಿತಿ ಹೀಗಿತ್ತು. ಬೇಕರಿ ಯಜಮಾನಿಯ ಮುಂದೆ, ಅಗ್ನಿಶಾಮಕದ ಡ್ರೈವರ ಮುಂದೆ ದೊಡ್ಡ ರಾಶಿ. ಆಯ್ತಪ್ಪನವರದು ನಡುವಿನದು. ಮ್ಯಾನೇಜರದು ಅದಕ್ಕಿಂತ ತುಸು ಕಡಿಮೆ. ಹಲ್ಲಿನ ಡಾಕ್ಟರ ಬಳಿ ಎರಡೇ ಬಿಲ್ಲೆ. ಸರದಿ ಬಂದಾಗ ಆಡಲಿ ಬಿಡಲಿ ಎರಡು ಬಿಲ್ಲೆ ಹಾಕಲೇಬೇಕೆಂಬುದು ನಿಯಮ, ಮತ್ತು ಮುಂದಿನ ಸರದಿ ಡಾಕ್ಟರದೇ. ಅಂದರೆ ಉಳಿದವರು ಇನ್ನೊಂದು ಆಟ ಸುಮ್ಮನೆ ಕೂತಿದ್ದರೆ ಡಾಕ್ಟರು ಹೋಗುವುದು, ಉಳಿದವರು ಹಡಗು ಹತ್ತುವುದು ಹೆಚ್ಚುಕಡಿಮೆ ಖಂಡಿತ.

ಎಲೆ ಹಂಚಿದರು. ಮ್ಯಾನೇಜರ್ ತಮ್ಮ ಎಲೆ ನೋಡಿದರು. ಕಿವಿ ಕೆಂಪಾಯಿತು. ರಾಶಿಯನ್ನೆಲ್ಲ ಮುಂದೆ ತಳ್ಳಿ, "ಆಲ್ ಇನ್!" ಎಂದರು. ಯಜಮಾನಿ ಎಲೆ ಬಿಟ್ಟಳು, ಡ್ರೈವರ್ ಬಿಟ್ಟ, ಡಾಕ್ಟರು ಬಿಟ್ಟರು. ಮ್ಯಾನೇಜರ್ ಆಯ್ತಪ್ಪನವರ ಕಡೆ ತಿರುಗಿದರು. ಊಟದ ಬಿಡುವುಗಳಲ್ಲಿ ಗುಂಡಿ ಗೆದ್ದ ಅದೇ ನಗು.

"ಏನ್ ಆಯ್ತಪ್ಪ, ಬರ್ತೀರಲ್ಲಾ?"

ಆಯ್ತಪ್ಪನವರು ತಮ್ಮ ಎಲೆಗಳ ಮೂಲೆ ಎತ್ತಿ ನೋಡಿದರು. ಎಕ್ಕ. ಅದರ ಪಕ್ಕ, ಇನ್ನೊಂದು ಎಕ್ಕ.

ಇಡೀ ಆಟದಲ್ಲಿ ಇದಕ್ಕಿಂತ ಮೇಲಾದ ಜೋಡಿ ಇಲ್ಲ. ಆದರೂ ಮೇಜಿನ ಮೇಲಿನ ಐದು ಎಲೆ ಏನು ಬರುತ್ತದೆಂದು ಬಲ್ಲವರಾರು? ಏಳು ಎರಡಿನಂಥ ಕಸ ಹಿಡಿದು ತಾವೇ ಎಷ್ಟು ಜನರನ್ನು ಮನೆಗೆ ಕಳಿಸಿರಲಿಲ್ಲ? ಅವರು ಹಗ್ಗದ ಕಡೆ ನೋಡಿದರು. ಹೆಂಡತಿ ಏನೂ ಸನ್ನೆ ಮಾಡಲಿಲ್ಲ, ಸುಮ್ಮನೆ ಇವರನ್ನೇ ನೋಡುತ್ತಿದ್ದಳು. ಗಿಳಿಯ ಪಂಜರದ ಮುಂದೆ ನಿಂತಿದ್ದ ಮುಖ ಅದು. ಆಯ್ತಪ್ಪನವರ ಬಾಯಿ ತಾನಾಗಿ ತೆರೆದುಕೊಂಡಿತು, "ಆಯ್..." ಎಂಬಷ್ಟು ಹೊರಗೂ ಬಂತು. ಅಷ್ಟರಲ್ಲಿ ಎರಡು ಬೆರಳು ಮುಂದೆ ಹೋದವು. ಅವಸರದಲ್ಲಿ ಎಷ್ಟು ಜೋರಾಗಿ ತಳ್ಳಿದರೆಂದರೆ ಎಲೆಗಳು ಮಗುಚಿಕೊಂಡು ಮೇಜಿನ ಮಧ್ಯೆ ಅಂಗಾತ ಬಿದ್ದವು.

ಎರಡು ಎಕ್ಕ. ಇಡೀ ಸಭಾಂಗಣ ನೋಡಿತು.

ಮ್ಯಾನೇಜರ್ ತಮ್ಮ ಎಲೆ ತಿರುಗಿಸಿದರು. ಎರಡು ರಾಜ. ಆಯ್ತಪ್ಪ ಹೂಂ ಅಂದಿದ್ದರೆ ಅವರ ಕಥೆ ಬಹುತೇಕ ಮುಗಿದಂತೆಯೇ ಇತ್ತು.

ಹಲ್ಲಿನ ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಬಕೆಟ್ ಹಿಡಿಯೋರನ್ನ ಬೇಕಾದಷ್ಟು ನೋಡಿದೀನಿ ಸ್ವಾಮಿ! ಇದು ಬಕೆಟ್ ಅಲ್ಲ, ಟ್ಯಾಂಕರ್ರು! ಸಾಹೇಬರನ್ನ ಉಳಿಸೋಕೆ ಎರಡು ಎಕ್ಕ ಎಸೆಯೋದಾ?"

"ಹೌದೌದು, ಇಬ್ಬರೂ ಒಂದೇ ಆಫೀಸು!" ಎಂದು ಹಗ್ಗದಾಚೆಯಿಂದ ಯಾರೋ ಕೂಗಿದರು. ಡ್ರಮ್ ಮೇಷ್ಟ್ರು ಪಕ್ಷ ಬದಲಿಸಿ, "ನಾನು ಆಗಲೇ ಹೇಳ್ಲಿಲ್ವಾ, ಬಹಳ ಮೆತ್ತಗಿನ ಮನುಷ್ಯ ಅಂತ?" ಎಂದರು.

ಮ್ಯಾನೇಜರಿಗೆ ಅದ್ಯಾವುದೂ ಕೇಳುತ್ತಿರಲಿಲ್ಲ. ಅವರ ಕಣ್ಣು ತುಂಬಿತ್ತು. "ಆಯ್ತಪ್ಪ... ನನಗೋಸ್ಕರ... ಒಡಹುಟ್ಟಿದವರು ಮಾಡಲ್ಲ ರೀ ಇದನ್ನ!"

ಜೀವಮಾನದಲ್ಲಿ ಮೊದಲ ಸಲ ಆಯ್ತಪ್ಪ ಮ್ಯಾನೇಜರಿಗೆ ಇಲ್ಲ ಅಂದಿದ್ದರು. ಅದನ್ನು ಊರೆಲ್ಲ ಅವರ ಜೀವಮಾನದ ಅತಿ ದೊಡ್ಡ ಹೂಂ ಎಂದು ತಿಳಿದುಬಿಟ್ಟಿತು.

ತೀರ್ಪುಗಾರರು ಬಂದರು. ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಗಂಭೀರ ಮನುಷ್ಯ. "ಒಳಒಪ್ಪಂದ ಇದ್ರೆ ಇಬ್ಬರನ್ನೂ ಹೊರಗೆ ಹಾಕ್ತೀನಿ. ಎರಡು ಎಕ್ಕ ಯಾಕೆ ಬಿಟ್ಟಿರಿ? ನಿಜ ಹೇಳಿ."

"ಹೆಂಡತಿ ಹೇಳಿದಳು ಸಾರ್," ಎಂದರು ಆಯ್ತಪ್ಪ.

ಸಭಾಂಗಣ ಗೊಳ್ಳೆಂದಿತು. ಹೆಂಡತಿ ಹಗ್ಗ ಎತ್ತಿ ನುಸುಳಿ ಒಳಗೆ ಬಂದಳು. "ಒಳಗೆ ಬರೋ ಹಾಗಿಲ್ಲ" ಎಂದ ಕಾವಲಿನವನಿಗೆ ಅವಳು ಬರೀ "ಇಲ್ಲ" ಎಂದಳು. ಅವನು ದಾರಿ ಬಿಟ್ಟ.

"ಸ್ವಾಮಿ, ಬಸ್ಸಲ್ಲಿ ನಾಲ್ಕು ಸೀಟು. ಇವರು ಕೂತಾಗಿದೆ. ಡಾಕ್ಟರು ಬಾಗಿಲಲ್ಲಿ ಒಂಟಿ ಕಾಲಲ್ಲಿ ನೇತಾಡ್ತಿದ್ದಾರೆ, ಮುಂದಿನ ತಿರುವಲ್ಲಿ ಬೀಳ್ತಾರೆ. ಈಗ ಮ್ಯಾನೇಜರು ಎದ್ದು ನಿಂತು ಕುಸ್ತಿಗೆ ಬಾ ಅಂತ ಕರೀತಾರೆ. ಕುಸ್ತಿ ಗೆದ್ರೂ ಇವರಿಗೆ ಅದೇ ಸೀಟು. ಸೋತ್ರೆ ಬಾಗಿಲಲ್ಲಿ ಡಾಕ್ಟರ ಪಕ್ಕ. ಎಂಥಾ ಪೈಲ್ವಾನ ಆದ್ರೂ ಯಾಕ್ರೀ ಏಳಬೇಕು?"

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕೇಳಿಲ್ಲ. ಸ್ಯಾಟಲೈಟಲ್ಲಿ ಇದೇ ಸರಿಯಾದ ಆಟ. ಮುಂದುವರಿಸಿ."

ತೀರ್ಪು ಬಂತು, ನಂಬಿದವರು ಮಾತ್ರ ಅವರೊಬ್ಬರೇ. ಮುಂದಿನ ಆಟದಲ್ಲಿ ಡಾಕ್ಟರು ಕೊನೆಯ ಎರಡು ಬಿಲ್ಲೆ ಹಾಕಿ, ಗದ್ದ ನಡುಗಿಸುತ್ತಾ ಆಯ್ತಪ್ಪನವರನ್ನೇ ನೋಡಿದರು. ಎರಡು ಬೆರಳು ಎಲೆ ತಳ್ಳಿದವು. ಯಜಮಾನಿ, ಡ್ರೈವರ್ ಇಬ್ಬರೂ ಎದುರಾದರು, ಯಜಮಾನಿಯ ಜೋಡಿ ಒಂಬತ್ತು ಡಾಕ್ಟರನ್ನು ಎಬ್ಬಿಸಿತು. ಅವರು ಸಿಟ್ಟಿನಿಂದ ಬಾಗಿಲವರೆಗೆ ಹೋದಾಗ ಆಯ್ತಪ್ಪನವರು ತಡೆಯಲಾರದೆ ಕೂಗಿದರು: "ಡಾಕ್ಟ್ರೇ, ಛತ್ರಿ!" ಡಾಕ್ಟರು ಹಿಂತಿರುಗಿ ನೋಡದೆ ಮಳೆಯಲ್ಲೇ ಹೋದರು. ಮಾರನೆಯ ದಿನ ಆ ಛತ್ರಿ ಕಳೆದ ಸಾಮಾನಿನ ಕಚೇರಿಗೆ ಬಂತು.

ಅದೇ ಮಾರನೆಯ ದಿನ ಕಚೇರಿಯಲ್ಲಿ ಮ್ಯಾನೇಜರ್ ಬೆಳಗಿನಿಂದ ಆಯ್ತಪ್ಪನವರನ್ನು ಕಂಡಾಗಲೆಲ್ಲ ಬೆನ್ನು ತಟ್ಟುತ್ತಿದ್ದರು. ತಾವೇ ಟೀ ತರಿಸಿದರು. ಟೀ ಮುಗಿದ ಮೇಲೆ, ಪಕ್ಕದಲ್ಲಿ ಛತ್ರಿಗಳ ರಾಶಿ, ಮೇಲೆ ತೂಗುವ ಹಳದಿ ದೀಪ, ಅವರ ಕೈ ಜೇಬಿಗೆ ಹೋಯಿತು. ಕೈಗೊಂಚಲು ಮೇಜಿನ ಮೇಲೆ ಜಾರುತ್ತಾ ಬಂದು ಆಯ್ತಪ್ಪನವರ ಮುಂದೆ ನಿಂತಿತು.

"ನೋಡಿ ಆಯ್ತಪ್ಪ, ಇಬ್ಬರೂ ಗೆದ್ದುಬಿಟ್ವಿ. ಆದ್ರೆ ಇಬ್ಬರೂ ಒಂದೇ ವಾರ ಹೋಗೋ ಹಾಗಿಲ್ಲ, ನಿಮಗೇ ಗೊತ್ತು. ನನಗಾಗಿ ಎರಡು ಎಕ್ಕ ಎಸೆದವರು ನೀವು. ಒಂದು ವಾರ ಈ ಬೀಗದ ಕೈ ಇಟ್ಕೊಳ್ಳೋದು ನಿಮಗೆ ಯಾವ ಮಹಾ? ನೀವು ಮುಂದಿನ ಸಲ ಹೋಗಿ. ಏನಂತೀರಾ?"

ಸಾಹೇಬರ ಮುಖದಲ್ಲಿ ಕಪಟವೇನೂ ಇರಲಿಲ್ಲ, ಬರೀ ಪ್ರೀತಿ ಇತ್ತು, ಅದೇ ಕಷ್ಟ. ಹಿಂದಿನ ರಾತ್ರಿಯೇ ಹೆಂಡತಿ ಅಕ್ಕನಿಗೆ ಫೋನ್ ಮಾಡಿ "ಕೋಳಿಗಳನ್ನ ಎಬ್ಬಿಸು" ಎಂದಿದ್ದಳು. ಆಚೆ ಕಡೆ ಅಕ್ಕ ಅತ್ತದ್ದು ಇವರಿಗೂ ಕೇಳಿಸಿತ್ತು. ಆಯ್ತಪ್ಪನವರು ಬಾಯಿ ಬಿಗಿಯಾಗಿ ಮುಚ್ಚಿದರು. ಕಣ್ಣನ್ನು ಮಾತ್ರ ಈ ಸಲ ತೆರೆದೇ ಇಟ್ಟರು. ಎರಡು ಬೆರಳು ಚಾಚಿ ಕೈಗೊಂಚಲನ್ನು ಮೆಲ್ಲಗೆ ಮೇಜಿನ ಆಚೆ ತುದಿಗೆ ತಳ್ಳಿದರು.

"ಇದೇನ್ರೀ ಇದು?"

"ಬಿಟ್ಟೆ ಸಾರ್."

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಕೈಗೊಂಚಲನ್ನು ಮತ್ತೆ ಇತ್ತ ಜಾರಿಸಿದರು, ಅದು ಮತ್ತೆ ಅತ್ತ ಜಾರಿತು. ಮೂರನೆಯ ಸಲ ಜಾರಿಸಿದಾಗ ಆಯ್ತಪ್ಪನವರು ಬಾಯಿ ತೆರೆದು ಪೂರ್ತಿಯಾಗಿ ಹೇಳಿದರು: "ಇಲ್ಲ ಸಾರ್. ಈ ಸಲ ನಾನು ಹೋಗ್ತೀನಿ. ನಿನ್ನೆ ಆ ಎಕ್ಕಗಳನ್ನ ಬಿಟ್ಟಿದ್ದೂ ಅದಕ್ಕೇ."

"ಅಂದ್ರೆ ನನಗೋಸ್ಕರ ಅಲ್ವಾ?"

"ಅಲ್ಲ ಸಾರ್. ನಮ್ಮ ಅತ್ತಿಗೆಗೋಸ್ಕರ."

ಮ್ಯಾನೇಜರ್ ಕುರ್ಚಿಯಲ್ಲಿ ಕುಸಿದರು. ಇಂಥ ಪರಿಸ್ಥಿತಿ ಅವರ ಸರ್ವಿಸ್ಸಿನಲ್ಲೇ ಬಂದಿರಲಿಲ್ಲ. "ಹಾಗಾದ್ರೆ ನಾನೀಗ ಏನ್ಮಾಡ್ಲಿ?" ಎಂದು ಗೋಡೆಯನ್ನು ಕೇಳಿದರು, ಛತ್ರಿಗಳನ್ನು ಕೇಳಿದರು. ಬೇರೆ ದಾರಿ ಕಾಣದೆ ಕೊನೆಗೆ ಡಿಪೋದ ಮುಖ್ಯಸ್ಥರಿಗೆ ಫೋನ್ ಮಾಡಿ, ಒಂದು ವಾರಕ್ಕೆ ಬದಲಿ ಯಾರಾದರೂ ಸಿಗಬಹುದೇ ಎಂದು ಅಳುದನಿಯಲ್ಲಿ ವಿಚಾರಿಸಿದರು.

"ಅದಕ್ಕೇನಂತೆ, ಒಬ್ಬ ಕಂಡಕ್ಟರನ್ನ ಕಳಿಸ್ತೀನಿ," ಎಂದರು ಮುಖ್ಯಸ್ಥರು. "ಇಷ್ಟು ವರ್ಷ ನೀವು ಯಾಕೆ ಕೇಳ್ಲೇ ಇಲ್ಲ?"

ಮ್ಯಾನೇಜರ್ ಫೋನ್ ಇಟ್ಟು ಆಯ್ತಪ್ಪನವರನ್ನು ನೋಡಿದರು. ಆಯ್ತಪ್ಪನವರು ಛತ್ರಿಗಳನ್ನು ನೋಡಿದರು. ಕೇಳುವ ಪ್ರಮೇಯವೇ ಬಂದಿರಲಿಲ್ಲವಲ್ಲ! ಈ ವಿಷಯ ಹೆಂಡತಿಗೆ ತಿಳಿಸಬಾರದೆಂದು ಆಯ್ತಪ್ಪನವರು ಆ ಕ್ಷಣವೇ ನಿರ್ಧರಿಸಿದರು. ಸಂಜೆ ಅವಳು "ಬದಲಿ ಹೇಗೆ ಸಿಕ್ಕರು?" ಎಂದು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟರು.

ಹಡಗಿನಲ್ಲಿ ಮ್ಯಾನೇಜರ ಕುಟುಂಬವೂ ಜೊತೆಗಿತ್ತು. ಸಾಹೇಬರು ಮೊದಲ ದಿನ ಮಾತಾಡಲಿಲ್ಲ, ಎರಡನೆಯ ದಿನ ತಾವೇ ಇಸ್ಪೀಟ್ ಕಟ್ಟು ತಂದರು. ದೊಡ್ಡ ಪಂದ್ಯದ ಬೆಳಿಗ್ಗೆ ಆಯ್ತಪ್ಪನವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು: "ಇವತ್ತೂ ಬೆರಳೇನಾ?"

"ಇವತ್ತು ಬೇಡ," ಎಂದಳು ಹೆಂಡತಿ. "ಇವತ್ತು ಯಾರು ಕೇಳಿದ್ರೂ ಹೂಂ ಅನ್ನಿ. ಅಕ್ಕ ಊಟಕ್ಕೆ ಕಾಯ್ತಿರ್ತಾಳೆ."

ಆಯ್ತಪ್ಪನವರು ನಿರಾಳವಾಗಿ ಕೂತರು. ಮೊದಲು ಕೇಳಿದವನಿಗೇ ಮನಸಾರೆ ಆಯ್ತು ಎಂದರು, ಟೀ ಬರುವ ಮೊದಲೇ ಎಲ್ಲವನ್ನೂ ಸೋತರು, ಗೆದ್ದವನ ಕೈ ಕುಲುಕಿ ಹೊರಗೆ ಬಂದರು. ಅಂಥ ನಗುಮುಖದಿಂದ ಸೋತವನನ್ನು ಆ ಪಂದ್ಯದವರು ಹಿಂದೆ ಕಂಡಿರಲಿಲ್ಲವಂತೆ.

ಅಕ್ಕ ಕೋಲೂರಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಕ್ಕತಂಗಿಯರು ಅತ್ತರು, ನಕ್ಕರು, ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿದರು. ಎಬ್ಬಿಸಿದ ಕೋಳಿಗಳು ತಮ್ಮ ಕೋಣೆಗೆ ಬಂದವರು ಯಾರೆಂದು ಇಣುಕಿ ಇಣುಕಿ ನೋಡಿದವು. ಆ ವಾರ ಕಳೆದದ್ದೇ ತಿಳಿಯಲಿಲ್ಲ. ಹೊರಡುವ ಹಿಂದಿನ ದಿನ ಊಟದ ಮೇಜಿನಲ್ಲಿ ಅಕ್ಕ ಆಯ್ತಪ್ಪನವರ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಇನ್ನೊಂದು ವಾರ ಇದ್ದು ಹೋಗ್ತೀರಾ?"

ಆಯ್ತಪ್ಪನವರಿಗೆ ಬದಲಿ ಕಂಡಕ್ಟರನ ನೆನಪಾಯಿತು, ಕಚೇರಿ ನೆನಪಾಯಿತು. ಕಲಿತ ವಿದ್ಯೆ ಕೈಗೆ ಬಂತು; ಬಲಗೈಯ ಎರಡು ಬೆರಳು ಮೇಜಿನ ಮೇಲೆ ಮುಂದಕ್ಕೆ ಹೊರಟವು. ಪಕ್ಕದಲ್ಲಿ ಕೂತಿದ್ದ ಹೆಂಡತಿ, ಅಕ್ಕನ ಮುಖದಿಂದ ಕಣ್ಣು ತೆಗೆಯದೆ, ತನ್ನ ಕೈಯನ್ನು ಆ ಎರಡು ಬೆರಳ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದಳು.

"ಆಯ್ತು ಅತ್ತಿಗೆ," ಎಂದರು ಆಯ್ತಪ್ಪ.